ನನ್ನ ತವರು ಬೆಂಗಳೂರು

‘ತವರು’ ಎಂಬ ಮೂರಕ್ಷರದ ಪದ ಕಿವಿಗೆ ಬಿದ್ದೊಡನೆ ಕನ್ನಡಿಗರ ಕಣ್ಣ ಮುಂದೆ ಮೂಡುವುದು ಒಂದು ಹಳ್ಳಿಯ ಚಿತ್ರ. ಊರ ಮುಂದೆ ಕೆರೆ, ಏರಿಯ ಮೇಲೆ ಸಾಲುಮರ, ಹಿತ್ತಲಲ್ಲಿ ಕಟ್ಟಿದ ಎಮ್ಮೆ, ಹೊಸ್ತಿಲಲ್ಲಿ ನಿಂತು ದಾರಿ ಕಾಯುವ ತಾಯಿ. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡ ತವರುಮನೆಗಳೆಲ್ಲವೂ ಇಂತಹವೇ. ರಜೆ ಬಂದಿತೆಂದರೆ ಪಟ್ಟಣದ ಮಕ್ಕಳು ತಾಯಿಯ ಕೈಹಿಡಿದು ಹಳ್ಳಿಯ ಅಜ್ಜಿಯ ಮನೆಗೆ ಹೋಗುವುದು, ಮಾವಿನಕಾಯಿಗೆ ಕಲ್ಲು ಹೊಡೆಯುವುದು, ಬಾವಿಯಲ್ಲಿ ಈಜು ಕಲಿಯುವುದು ಶಾಲೆಯ ಪ್ರಬಂಧಗಳಲ್ಲಿ ನಾವೆಲ್ಲರೂ ಬರೆದ ಸಂಗತಿ. ಆದರೆ ಕಾಲ ಬದಲಾಗಿದೆ. ಐವತ್ತು ವರ್ಷಗಳ ಹಿಂದೆ ಹೊಟ್ಟೆಪಾಡಿಗಾಗಿ ಹಳ್ಳಿ ಬಿಟ್ಟು ಬೆಂಗಳೂರು ಸೇರಿದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಅವರ ಹೆಣ್ಣುಮಕ್ಕಳು ಮದುವೆಯಾಗಿ ದಾವಣಗೆರೆ, ಚಿತ್ರದುರ್ಗ, ಹಾವೇರಿಗಳಂತಹ ಊರುಗಳಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳಿಗೆ ಅಜ್ಜಿಯ ಊರೆಂದರೆ ಬೆಂಗಳೂರು! ನಾನೂ ಅಂತಹ ಹೆಣ್ಣುಮಕ್ಕಳಲ್ಲಿ ಒಬ್ಬಳು.

ನನ್ನ ತಂದೆ ಹರಿಹರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವರು. 1973ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ತಗಡಿನ ಟ್ರಂಕಿನೊಂದಿಗೆ ಬೆಂಗಳೂರಿಗೆ ಬಂದು ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಆರಂಭಿಸಿದ ಕಾರ್ಖಾನೆ ಅದು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಟ್ಟರೆ ಬೀಗರ ಮುಂದೆ ತಲೆಯೆತ್ತಿ ನಿಲ್ಲಬಹುದಾಗಿದ್ದ ಕಾಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಇಕ್ಕಳದಿಂದ ಹಿಡಿದು ಕೂರಿಸುವುದು ಅವರ ಕಾಯಕ. 1976ರಲ್ಲಿ ಅವ್ವ ಮದುವೆಯಾಗಿ ಬಂದರು. 1984ರಲ್ಲಿ ಮತ್ತಿಕೆರೆಯಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಎದ್ದಿತು. ಅಣ್ಣನೂ ನಾನೂ ಬೆಳೆದದ್ದು ಆ ಮನೆಯಲ್ಲಿ.

ಆ ಮನೆಗೆ ಈಗ ನಲವತ್ತು ವರ್ಷ. ತಾರಸಿ ಸೋರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಸೂರಿನ ಗಾರೆ ಅಲ್ಲಲ್ಲಿ ಉದುರುತ್ತಿದೆ. ಅವ್ವನಿಗೆ ಮಂಡಿನೋವು, ಹೆಬ್ಬಾಗಿಲ ಐದು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಅಣ್ಣ ಇರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ಮನೆಯನ್ನು ಮಾರಿ, ಊರ ಹೊರಗೆ ಹಿರಿಯರಿಗಾಗಿಯೇ ಕಟ್ಟಿರುವ ವಸತಿಸಮುಚ್ಚಯವೊಂದರಲ್ಲಿ ಅವರಿಬ್ಬರಿಗೆ ಎರಡು ಕೋಣೆಯ ಮನೆ ಕೊಳ್ಳಬೇಕೆಂಬುದು ಅವನ ಆಲೋಚನೆ. ಅಲ್ಲಿ ಲಿಫ್ಟ್ ಇದೆ, ವೈದ್ಯರಿದ್ದಾರೆ, ಊಟ ಬಾಗಿಲಿಗೇ ಬರುತ್ತದೆ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ತಂದೆತಾಯಿಯರ ಕ್ಷೇಮವನ್ನು ಫೋನಿನಲ್ಲಿ ವಿಚಾರಿಸುವ ಮಗನ ಆತಂಕವನ್ನು ಲಘುವಾಗಿ ಕಾಣುವುದು ಯಾರಿಗೂ ತರವಲ್ಲ. “ರಜೆಗೆ ಹೇಗೂ ಹೋಗುತ್ತೀಯಲ್ಲ, ಅವರ ಮನಸ್ಸಿನಲ್ಲಿ ಏನಿದೆ ತಿಳಿದುಕೊಂಡು ಬಾ. ನನ್ನ ಹತ್ತಿರ ಇಬ್ಬರೂ ‘ನಿನ್ನ ಇಷ್ಟದಂತೆ ಮಾಡಪ್ಪ’ ಅಂತಾರೆ” ಎಂದು ಅವನು ನನಗೆ ಹೇಳಿದ್ದ.

2025ರ ಏಪ್ರಿಲ್ ಎರಡನೆಯ ವಾರ ಶಾಲೆಗಳಿಗೆ ರಜೆ ಆರಂಭವಾಯಿತು. ಯುಗಾದಿ ಕಳೆದು ಹದಿನೈದು ದಿನ, ಚೈತ್ರಮಾಸ. 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲನ್ನು ದಾವಣಗೆರೆಯಲ್ಲಿ ಮಧ್ಯಾಹ್ನ ಹತ್ತಿದ ನಾವು ನಾಲ್ವರು ದೀಪ ಹಚ್ಚುವ ಹೊತ್ತಿಗೆ ಯಶವಂತಪುರದಲ್ಲಿ ಇಳಿದೆವು. ತವರಿನ ಬೀದಿಯಲ್ಲಿ ಹೊಂಗೆಯ ಮರಗಳು ಹೂವು ಉದುರಿಸಿ ನೆಲವೆಲ್ಲ ಬೆಳ್ಳಗಾಗಿತ್ತು. “ಅಮ್ಮಾ, ಯಾರೋ ಮಂಡಕ್ಕಿ ಚೆಲ್ಲಿದ್ದಾರೆ!” ಎಂದ ಎಂಟು ವರ್ಷದ ಮಗ. ದಾವಣಗೆರೆಯ ಮಕ್ಕಳಿಗೆ ಹಾಗಲ್ಲದೆ ಇನ್ನು ಹೇಗೆ ತೋರಬೇಕು!

ಊರು ತೋರಿಸುವ ಹೊಣೆಯನ್ನು ಅಜ್ಜ ವಹಿಸಿಕೊಂಡರು. ಅವರಿಗೆ ಮೆಟ್ರೋ ರೈಲಿನ ಮೇಲೆ ಬಹಳ ಅಭಿಮಾನ. ಹೇಳಿದ ನಿಮಿಷಕ್ಕೆ ಬರುವ ವಾಹನದ ಬಗ್ಗೆ ಗಡಿಯಾರದ ಕೆಲಸಗಾರನಿಗೆ ಗೌರವವಿರುವುದು ಸಹಜವೇ. ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ಎಲ್ಲಿಯೂ ಬದಲಿಸದೆ ನೇರವಾಗಿ ಲಾಲ್‌ಬಾಗ್ ತಲುಪಬಹುದು. 240 ಎಕರೆಯ ಆ ತೋಟವನ್ನು ಹೈದರಾಲಿ ಆರಂಭಿಸಿದ್ದು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು, 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕೃಂಬಿಗಲ್ ಅವರು ವರ್ಷದ ಎಲ್ಲ ಋತುಗಳಲ್ಲಿಯೂ ಯಾವುದಾದರೊಂದು ಜಾತಿಯ ಮರ ಹೂ ಬಿಡುವಂತೆ ಈ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದ್ದು, ಎಲ್ಲವನ್ನೂ ಅವರು ಪಾಠದಂತೆ ಒಪ್ಪಿಸಿದರು. ಮಕ್ಕಳು ಅರ್ಧ ಕೇಳಿದರು, ಅರ್ಧ ಓಡಿದರು.

ಅವರು ನಿಂತು ಕೇಳಿದ್ದು ಬಂಡೆಯ ಕಥೆಯನ್ನು. ಲಾಲ್‌ಬಾಗಿನ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. “ಅಜ್ಜ, ನಿಮಗಿಂತ ಹಳೆಯದಾ?” ಎಂದು ಮಗ ಕೇಳಿದ. “ಸ್ವಲ್ಪ” ಎಂದರು ಅಪ್ಪಾಜಿ. ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರವಿದೆ. 1537ರಲ್ಲಿ ಹುಟ್ಟಿದ ಪೇಟೆ ಇಲ್ಲಿಯವರೆಗೂ ಬರಲಾರದೆಂದು ಭಾವಿಸಲಾಗಿತ್ತಂತೆ. ಅಲ್ಲಿ ನಿಂತು ಸುತ್ತ ನೋಡಿದರೆ ಕಣ್ಣು ಹಾಯುವವರೆಗೆ ಕಟ್ಟಡಗಳೇ.

ಹಿಂದಿರುಗುವಾಗ ಹೂವಿನ ಗಡಿಯಾರದ ಮುಂದೆ ಅಪ್ಪಾಜಿ ಬಹಳ ಹೊತ್ತು ನಿಂತರು. ಅದನ್ನು ಲಾಲ್‌ಬಾಗಿಗೆ ಕೊಟ್ಟದ್ದು ಎಚ್‌ಎಂಟಿ. ತಮ್ಮ ಮಣಿಕಟ್ಟಿನ ‘ಜನತಾ’ ವಾಚಿಗೆ ಕೀಲಿ ಕೊಡುತ್ತಾ, ನೆಲದಡಿಯಲ್ಲಿ ಯಂತ್ರ ಹೇಗೆ ಕೂತಿದೆ, ಅಷ್ಟು ಉದ್ದದ ಮುಳ್ಳುಗಳನ್ನು ತಿರುಗಿಸಲು ಎಷ್ಟು ಬಲ ಬೇಕು ಎಂಬುದನ್ನು ಮೊಮ್ಮಕ್ಕಳಿಗೆ ವಿವರಿಸಿದರು. ಮಾರನೆಯ ದಿನ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಜನತಾ, ಪೈಲಟ್, ಕಾಂಚನ್ ಮೊದಲಾದ ಹೆಸರುಗಳನ್ನು ಮಕ್ಕಳು ಓದುತ್ತಿದ್ದರೆ ಅವರು ಆ ಕಾಲದ ತಮ್ಮ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಿದ್ದರೆಂದು ಹೇಳುತ್ತಿದ್ದರು. ಅಂಧರು ಮುಟ್ಟಿ ಸಮಯ ತಿಳಿಯುವ ವಾಚನ್ನು ನೋಡಿ ಹನ್ನೆರಡು ವರ್ಷದ ಮಗಳು ಕಣ್ಣು ಮುಚ್ಚಿಕೊಂಡು ಬೆರಳಾಡಿಸುವಂತೆ ನಟಿಸಿದಳು. ಅಪ್ಪಾಜಿ ಸ್ವಯಂನಿವೃತ್ತಿ ಪಡೆದದ್ದು 2000ದಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. “ಬೇಸರವಾಯಿತೇ ಅಪ್ಪಾಜಿ?” ಎಂದು ನಾನು ಕೇಳಿದೆ. “ಕಾರ್ಖಾನೆಗೆ ಬಾಗಿಲು ಹಾಕಿದರು. ನಮ್ಮ ಸಾಲಿಗೆ ಯಾರು ಬಾಗಿಲು ಹಾಕ್ತಾರವ್ವ? ನಾಳೆ ಬೆಳಿಗ್ಗೆ ಬಾ, ತೋರಿಸ್ತೀನಿ” ಎಂದರು. ಮತ್ತಿಕೆರೆಯ ಜೆ.ಪಿ. ಉದ್ಯಾನದಲ್ಲಿ ಬೆಳಗಿನ ಆರೂವರೆಗೆ ಆರು ಮಂದಿ ವೃದ್ಧರು ಒಂದೇ ಕಲ್ಲುಬೆಂಚಿನ ಸುತ್ತ ಸೇರುತ್ತಾರೆ. ಎಲ್ಲರೂ ಅದೇ ಸಾಲಿನವರು. ಒಬ್ಬರು ಬರುವುದು ಎರಡು ನಿಮಿಷ ತಡವಾದರೆ ಉಳಿದವರು ವಾಚು ನೋಡಿಕೊಳ್ಳುತ್ತಾರೆ. ಐದು ನಿಮಿಷ ತಡವಾದರೆ ಅವರ ಮನೆಗೆ ಫೋನು ಹೋಗುತ್ತದೆ. ಯಾವ ಆಸ್ಪತ್ರೆಯಲ್ಲಿ ಇಂತಹ ವ್ಯವಸ್ಥೆಯಿದೆ ಹೇಳಿ!

ಅವ್ವನ ಬೆಂಗಳೂರು ಬೇರೆ. ಮದುವೆಯಾದ ಮೇಲೆ ಬಹುಕಾಲ ಅವರು ಕಂಡದ್ದು ಅಡುಗೆಮನೆ, ಶಾಲೆ ಮತ್ತು ತರಕಾರಿ ಅಂಗಡಿಗಳನ್ನು ಮಾತ್ರ. ಅವರ ನಗರಸಂಚಾರ ಆರಂಭವಾದದ್ದು 2023ರ ಜೂನ್ 11ರಂದು, ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ. ಎದುರುಮನೆಯ ತಮಿಳು ತಾಯಿ ಮತ್ತು ಅವ್ವ, ಇಬ್ಬರೂ ಆಧಾರ್ ಕಾರ್ಡು ಹಿಡಿದು, ಮಂಡಿನೋವನ್ನು ಮರೆತು ಕೆ.ಆರ್. ಮಾರುಕಟ್ಟೆಗೆ ಹೂವಿಗೆ ಹೋಗುತ್ತಾರೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ಅವ್ವನಿಗೆ ಆದ ಸಂತೋಷವನ್ನು ಅಪ್ಪಾಜಿ ಈಗಲೂ ಹೇಳಿಕೊಂಡು ನಗುತ್ತಾರೆ. “ನಿಮ್ಮ ರೈಲು ನಿಮಗಿರಲಿ” ಎಂದು ಮೊಮ್ಮಗಳನ್ನೂ ನನ್ನನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟರು ಅವ್ವ. ಶೂನ್ಯ ದರದ ಟಿಕೆಟನ್ನು ಮಗಳು ಪುಸ್ತಕದಲ್ಲಿ ಜೋಪಾನವಾಗಿ ಇಟ್ಟುಕೊಂಡಳು.

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ, ಹಿಂದೆ ಆ ಸ್ಥಳದಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತೆಂದು ನಾನು ಮಗಳಿಗೆ ಹೇಳಿದೆ. “ಹಾಗಾದರೆ ನೀರು ಎಲ್ಲಿಂದ ಬರ್ತದೆ ಅಜ್ಜಿ?” ಎಂದಳು. ಆ ಪ್ರಶ್ನೆಗೆ ಉತ್ತರ ಕೊಡಲು ಅವ್ವನಿಗಿಂತ ಅರ್ಹರು ಇಲ್ಲ. ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ನೂರು ಕಿಲೋಮೀಟರಿನಾಚೆಯ ನದಿಯಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ ಏರಿಸಿದ ನೀರು. ಎರಡು ವರ್ಷಗಳ ನಂತರ ಮದುವಣಗಿತ್ತಿಯಾಗಿ ಬಂದ ಅವ್ವನ ವಠಾರಕ್ಕೆ ಅದು ತಲುಪಿರಲಿಲ್ಲ. ಬೀದಿಯ ನಲ್ಲಿಯ ಮುಂದೆ ನಸುಕಿನಲ್ಲಿ ಕೊಡಗಳ ಸಾಲು. ಆ ಸಾಲಿನಲ್ಲಿ ನಿಂತೇ ಅವರು ತಮಿಳು, ತೆಲುಗು ಕಲಿತದ್ದು. ಈಗಿನ ಎದುರುಮನೆಯ ತಾಯಿಯೂ ಮೊದಲು ಪರಿಚಯವಾದದ್ದು ಅಲ್ಲಿಯೇ. ಅವರಿಗೆ ಅವ್ವ ರೊಟ್ಟಿ ಬಡಿಯುವುದನ್ನು ಕಲಿಸಿದರೆ, ಅವರು ಅವ್ವನಿಗೆ ವತ್ತಲ್ ಕೊಳಂಬು ಕಲಿಸಿದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವೇ ಪರದಾಡಿದಾಗ, ಬೀದಿಯ ಯಾರ ಮನೆಯ ತೊಟ್ಟಿಯಲ್ಲಿ ಎಷ್ಟು ನೀರಿದೆಯೆಂದು ಲೆಕ್ಕವಿಟ್ಟು ಹಂಚಿದವರು ಇವರಿಬ್ಬರು.

ಆ ರಾತ್ರಿ ಊಟವಾದ ಮೇಲೆ ಮಾರುಕಟ್ಟೆಯಿಂದ ತಂದ ಬಿಡಿ ಮಲ್ಲಿಗೆಯನ್ನು ಅಜ್ಜಿ ಮೊಮ್ಮಗಳು ಕೂಡಿ ಕಟ್ಟುತ್ತಿದ್ದರು. ನಾನು ಹತ್ತು ಬಗೆಯಾಗಿ ಸುತ್ತಿ ಬಳಸಿ ಕೇಳಬೇಕೆಂದುಕೊಂಡಿದ್ದುದನ್ನು ಮಗಳು ನೇರವಾಗಿ ಕೇಳಿಬಿಟ್ಟಳು. “ಅಜ್ಜಿ, ದೊಡ್ಡಮಾವ ಈ ಮನೆ ಮಾರೋಣ ಅಂತಾರಂತೆ. ನಿಮಗೆ ಈ ಮನೆ ಬೇಕಾ, ಬೇಡವಾ?”

ಅವ್ವ ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದು, “ಬೇಡ” ಎಂದರು.

ಅಪ್ಪಾಜಿ ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟರು. ಐವತ್ತು ವರ್ಷದ ಸಂಸಾರದಲ್ಲಿ ಈ ಉತ್ತರವನ್ನು ಅವರೂ ಊಹಿಸಿರಲಿಲ್ಲವೆಂದು ಮುಖ ಹೇಳುತ್ತಿತ್ತು.

“ಈ ಮನೆ ಗುಡಿಸಿ ಗುಡಿಸಿ ಸಾಕಾಗೇತಿ. ಮಳೆ ಬಂದರೆ ಪಾತ್ರೆ ಇಡಬೇಕು, ಮೆಟ್ಟಿಲು ಇಳಿದರೆ ಮಂಡಿ ಬರಲ್ಲ ಅಂತದೆ. ಮನೆ ಹೋದರೆ ಹೋಗಲಿ. ಆದರೆ ನನಗೆ ಈ ಬೀದಿ ಬೇಕು. ಬೆಳಿಗ್ಗೆ ಹೂವಿನವಳು ಕೂಗಿದಾಗ ನಾನು ಓ ಅನ್ನಲಿಲ್ಲ ಅಂದರೆ ಆಕೆ ಒಳಗೆ ಬಂದು ನೋಡ್ತಾಳೆ. ಔಷಧಿ ಅಂಗಡಿ ಹುಡುಗ ಚೀಟಿ ಇಲ್ಲದೆ ಅಪ್ಪಾಜಿ ಗುಳಿಗೆ ತಂದು ಕೊಡ್ತಾನೆ. ಎದುರುಮನೆಯಾಕೆಗೆ ನಾನಿಲ್ಲ ಅಂದರೆ ಮಾತಿಗೆ ಯಾರಿದ್ದಾರೆ? ಅಲ್ಲಿ ಹೋದರೆ ಲಿಫ್ಟು ಇರ್ತದೆ, ಸರಿ. ಹತ್ತಿ ಹೋಗಿ ಯಾರ ಮನೆ ಬಾಗಿಲು ಬಡೀಲಿ?”

ಹಿರಿಯರನ್ನು ಎಲ್ಲಿ ಇರಿಸಬೇಕೆಂದು ಲೆಕ್ಕ ಹಾಕುವಾಗ ನಾವು ಮನೆಯ ಚದರಡಿಯನ್ನೂ ಆಸ್ಪತ್ರೆಯ ದೂರವನ್ನೂ ಎಣಿಸುತ್ತೇವೆ. ಅವು ಬೇಕಾದವೇ. ಆದರೆ ಅವ್ವ ಹೇಳಿದ್ದು ಯಾವ ದಸ್ತಾವೇಜಿನಲ್ಲಿಯೂ ಬರೆಯಲಾಗದ ಆಸ್ತಿಯ ವಿಚಾರ. ಹಳ್ಳಿಯನ್ನು ಒಮ್ಮೆ ಬಿಟ್ಟು ಬಂದವರು ಐವತ್ತು ವರ್ಷಗಳ ಶ್ರಮದಿಂದ, ಸಾಲಿನಲ್ಲಿ ನಿಂತು, ನೀರು ಹಂಚಿ, ಭಾಷೆ ಕಲಿತು, ಇನ್ನೊಂದು ಹಳ್ಳಿಯನ್ನು ಈ ಮಹಾನಗರದೊಳಗೆ ಕಟ್ಟಿಕೊಂಡಿದ್ದಾರೆ. ಅದರ ಎಲ್ಲೆ ಹೆಚ್ಚೆಂದರೆ ಮುನ್ನೂರು ಗಜ. ಅದನ್ನು ಮತ್ತೊಮ್ಮೆ ಹೊಸದಾಗಿ ಕಟ್ಟಲು ಅರವತ್ತೆಂಟರ ವಯಸ್ಸಿನಲ್ಲಿ ಸಮಯವೂ ಇಲ್ಲ, ಮಂಡಿಯೂ ಇಲ್ಲ.

ಮರುದಿನ ಬೆಳಿಗ್ಗೆ, ಅಣ್ಣನಿಗೆ ರಾತ್ರಿಯಾಗಿದ್ದಾಗ, ಎಲ್ಲರೂ ವಿಡಿಯೋ ಕರೆಯಲ್ಲಿ ಸೇರಿದೆವು. ಅವ್ವನ ಮಾತನ್ನು ಮಗಳು ಒಂದಕ್ಷರ ಬಿಡದೆ ಒಪ್ಪಿಸಿದಳು. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಅನಂತರ, “ನನ್ನ ಹತ್ತಿರ ಇದನ್ನು ಯಾಕೆ ಹೇಳಲಿಲ್ಲ ಅವ್ವ?” ಎಂದ. “ನೀನು ಮನೆ ವಿಷಯ ಕೇಳಿದೆ, ಬೀದಿ ವಿಷಯ ಕೇಳಲಿಲ್ಲ” ಎಂದರು ಅವ್ವ. ಅಪ್ಪಾಜಿ ಲೆಕ್ಕ ತೆಗೆದರು. ಮನೆ ಮಾರುವುದಕ್ಕೆ ತಮ್ಮ ಅಡ್ಡಿಯಿಲ್ಲ. ಇದೇ ಬೀದಿಯಲ್ಲಿ, ಮೆಟ್ಟಿಲಿಲ್ಲದ, ನೆಲಮಟ್ಟದ ಮನೆಯೊಂದನ್ನು ಭೋಗ್ಯಕ್ಕೆ ಹಿಡಿಯುವುದು, ಉಳಿದ ಹಣ ಬ್ಯಾಂಕಿನಲ್ಲಿರಲಿ. ಭೋಗ್ಯಕ್ಕೆ ಮನೆ ಹಿಡಿಯುವುದೆಂದರೆ ಅಣ್ಣನಿಗೆ ಅಷ್ಟು ಧೈರ್ಯವಿಲ್ಲ, ಪತ್ರಗಳನ್ನು ವಕೀಲರಿಗೆ ತೋರಿಸಿದ ಹೊರತು ಮುಂಗಡ ಕೊಡಬಾರದೆಂದು ಷರತ್ತು ಹಾಕಿದ. ಅದಕ್ಕೆ ನಮ್ಮ ಯಜಮಾನರು ಜವಾಬ್ದಾರಿ ಹೊತ್ತರು.

ಉಳಿದ ದಿನಗಳಲ್ಲಿ ಮಕ್ಕಳು ವಿಧಾನಸೌಧವನ್ನು ಹೊರಗಿನಿಂದಲೂ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನು ಒಳಗಿನಿಂದಲೂ ನೋಡಿದರು. ಗಾಂಧಿಬಜಾರಿನಲ್ಲಿ ದೋಸೆ ತಿಂದು, ನಮ್ಮೂರಿನ ಬೆಣ್ಣೆದೋಸೆಯೇ ಮೇಲೆಂದು ತೀರ್ಪು ಕೊಟ್ಟರು. ಹೊರಡುವ ಹಿಂದಿನ ದಿನ, ಬೀದಿಯ ಕೊನೆಯಲ್ಲಿ ಖಾಲಿಯಾಗಲಿದ್ದ ಒಂದು ಮನೆಯನ್ನು ನೋಡಲು ಅವ್ವ ಎದುರುಮನೆಯ ತಾಯಿಯನ್ನು ಜೊತೆಗೆ ಕರೆದುಕೊಂಡು ಹೊರಟರು. ನಾವೆಲ್ಲರೂ ಹಿಂಬಾಲಿಸಿದೆವು. ಅಪ್ಪಾಜಿ ಗೋಡೆಗಳನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುತ್ತಿದ್ದರೆ, ಅವ್ವ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ರುಚಿ ನೋಡಿದರು.

“ಕಾವೇರೀನೋ, ಬೋರೋ?” ಎಂದು ಮನೆಯೊಡತಿಯನ್ನು ಕೇಳಿದರು.