ಹನ್ಯಾ ಬಂದರಿನ ಕಲ್ಲುಗಳು

ಗ್ರೀಸ್ ದೇಶಕ್ಕೆ ಸೇರಿದ ದ್ವೀಪಗಳಲ್ಲೆಲ್ಲ ಕ್ರೀಟ್ ದೊಡ್ಡದು. ಪೂರ್ವಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಚಾಚಿಕೊಂಡಿರುವ ಈ ದ್ವೀಪವು ಯೂರೋಪು, ಏಷ್ಯ, ಆಫ್ರಿಕ ಖಂಡಗಳ ನಡುವಣ ಕಡಲಿಗೆ ಅಡ್ಡವಾಗಿ ಹಾಕಿದ ಅಗುಳಿಯಂತೆ ಮಲಗಿದೆ. ಆದ್ದರಿಂದಲೇ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆತನ ಬಯಸಿದ ಪ್ರತಿಯೊಬ್ಬರ ಕಣ್ಣೂ ಅದರ ಮೇಲೆ ಬಿದ್ದಿತು. ಆ ದ್ವೀಪದ ಪಶ್ಚಿಮ ಭಾಗದಲ್ಲಿ, ಉತ್ತರಕ್ಕೆ ಮುಖ ಮಾಡಿ ನಿಂತಿರುವ ಪುರಾತನ ರೇವುಪಟ್ಟಣವೇ ಹನ್ಯಾ.

ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ರಾತ್ರಿ ಹಡಗು ಹತ್ತಿದವರು ಬೆಳಗಿನ ಜಾವಕ್ಕೆ ಸೂದಾ ಕೊಲ್ಲಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಹನ್ಯಾದ ಹಳೆಯ ಬಂದರು ಆಳವಿಲ್ಲದ್ದು, ಬಡಗಣ ಗಾಳಿಯ ಹೊಡೆತಕ್ಕೆ ಎದೆಯೊಡ್ಡಿದ್ದು. ಇಂದಿನ ದೊಡ್ಡ ಹಡಗುಗಳಿಗೆ ಅದು ಸಾಲದು. ಸಾಲದೆ ಹೋದದ್ದು ನಮ್ಮಂಥ ಪ್ರವಾಸಿಗಳ ಪುಣ್ಯವೆನ್ನಬೇಕು. ಕ್ರೇನುಗಳೂ ಗೋದಾಮುಗಳೂ ಸೂದಾಕ್ಕೆ ಹೊರಟುಹೋದವು. ಹಳೆಯ ಬಂದರು ಹಳೆಯದಾಗಿಯೇ ಉಳಿಯಿತು.

ಅರ್ಧಚಂದ್ರಾಕಾರದ ಆ ದಂಡೆಯ ಮೇಲೆ ಕಾವಿ, ಹಳದಿ, ನಸುಗೆಂಪು ಬಣ್ಣದ ಮನೆಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಅವುಗಳ ನೆರಳು ನೀರಿನಲ್ಲಿ ಅಲುಗಾಡುತ್ತಿರುತ್ತದೆ. ದಂಡೆಗುಂಟ ಕಾಲು ಗಂಟೆ ನಡೆದರೆ ನಾಲ್ಕು ಕಟ್ಟಡಗಳು ಒಂದಾದ ಮೇಲೊಂದು ಎದುರಾಗುತ್ತವೆ: ಪಶ್ಚಿಮದ ಮೂಲೆಯಲ್ಲಿ ಫಿರ್ಕಾಸ್ ಎಂಬ ಕೋಟೆ, ಅದರೆದುರಿಗೆ ಅಲೆತಡೆಯ ತುದಿಯಲ್ಲಿ ದೀಪಸ್ತಂಭ, ನೀರಿನ ಅಂಚಿನಲ್ಲೇ ದುಂಡು ಗುಮ್ಮಟಗಳ ಒಂದು ಮಸೀದಿ, ಇನ್ನೂ ಒಳಗೆ ಹಡಗುಗಳನ್ನು ಕಟ್ಟುತ್ತಿದ್ದ ಕಮಾನುಶಾಲೆಗಳು. ಕೋಟೆಯೂ ಕಮಾನುಶಾಲೆಗಳೂ ವೆನಿಸ್ಸಿನವರದು, ಮಸೀದಿ ತುರ್ಕರದು, ದೀಪಸ್ತಂಭ ಈಗಿನ ರೂಪದಲ್ಲಿ ಈಜಿಪ್ಟಿನವರದು. ಇಂದು ಅಲ್ಲಿ ವಾಸಿಸುತ್ತಿರುವವರು ಗ್ರೀಕರು. ಇಷ್ಟು ಚೆಲುವಾದ ಬಂದರನ್ನು ಕಟ್ಟಿದವರೆಲ್ಲ ಎಲ್ಲಿಗೆ ಹೋದರು ಎಂಬ ಪ್ರಶ್ನೆ ನೋಡುವವನ ಮನಸ್ಸಿನಲ್ಲಿ ಏಳದೆ ಇರದು. ನಾನಿದ್ದ ನಾಲ್ಕು ದಿನವೂ ಆ ಪ್ರಶ್ನೆ ನನ್ನ ಜೊತೆಗೇ ಓಡಾಡಿತು.

ಮಣ್ಣಿನ ಮುದ್ರೆಯ ಪಟ್ಟಣ

ಬಂದರಿನ ಹಿಂದೆ ಕಾಸ್ತೆಲಿ ಎಂಬ ಚಿಕ್ಕ ದಿಬ್ಬವಿದೆ. ಹೋಮರನಿಗಿಂತ ನೂರಾರು ವರ್ಷ ಮೊದಲೇ ಅಲ್ಲಿ ಊರಿತ್ತು. ಅದರ ಹೆಸರು ಕಿದೋನಿಯಾ. ಕ್ನೋಸಸ್ಸಿನ ಅರಮನೆಯಲ್ಲಿ ದೊರೆತ ಜೇಡಿಮಣ್ಣಿನ ಹಲಗೆಗಳ ಮೇಲೆಯೂ ಈ ಹೆಸರು ಕಂಡುಬಂದಿದೆ. ಆ ಹಲಗೆಗಳ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ಆಂಗ್ಲ ತರುಣನು ಓದಿದ ಕಥೆ ಒಂದು ಪತ್ತೇದಾರಿ ಕಾದಂಬರಿಗೆ ಕಡಮೆಯಾದುದಲ್ಲ.

ಹನ್ಯಾದ ಪುರಾತತ್ತ್ವ ವಸ್ತುಸಂಗ್ರಹಾಲಯವು 2022ರಿಂದ ಹಲೆಪಾ ಎಂಬ ಬಡಾವಣೆಯ ಹೊಸ ಕಟ್ಟಡದಲ್ಲಿದೆ. ಅಲ್ಲಿ ಕಾಸ್ತೆಲಿಯಲ್ಲಿ ಸಿಕ್ಕ ಒಂದು ಮಣ್ಣಿನ ಮುದ್ರೆಯನ್ನು ಇಟ್ಟಿದ್ದಾರೆ. ಹೆಬ್ಬೆರಳಿನ ಅಗಲದಷ್ಟು ಇರುವ ಆ ಮುದ್ರೆ ಸುಮಾರು 3,400 ವರ್ಷಗಳಷ್ಟು ಹಿಂದಿನದು. ಬಂಡೆಯ ಮೇಲೆ ಮಹಡಿ ಮನೆಗಳು, ಬಾಗಿಲುಗಳು, ಕೆಳಗೆ ಕಡಲು. ಎಲ್ಲಕ್ಕೂ ಮೇಲೆ ದಂಡವನ್ನು ಮುಂದಕ್ಕೆ ಚಾಚಿ ನಿಂತ ಒಬ್ಬ ಗಂಡಸು. ಅವನು ರಾಜನೋ ದೇವರೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನನಗೆ ಕಂಡದ್ದಿಷ್ಟು: ಈ ಊರನ್ನು ಚಿತ್ರಿಸಿದ ಮೊದಲನೆಯ ಶಿಲ್ಪಿಯೇ ಊರಿನ ತಲೆಯ ಮೇಲೆ ಒಬ್ಬ ಒಡೆಯನನ್ನು ನಿಲ್ಲಿಸಿಬಿಟ್ಟಿದ್ದಾನೆ. ಆಮೇಲೆ ಒಡೆಯರು ಬದಲಾದರು; ಆ ಜಾಗ ಮಾತ್ರ ತೆರವಾಗಲಿಲ್ಲ.

ಬೈಜಾಂಟಿಯಂ ದೊರೆಗಳ ಕಾಲದಲ್ಲಿ ಈ ದಿಬ್ಬದ ಸುತ್ತ ಕೋಟೆಗೋಡೆ ಎದ್ದಿತು. ಅದರ ಬುಡದಲ್ಲಿ ನಡೆಯುವಾಗ ಕಲ್ಲುಗಳನ್ನು ಗಮನಿಸಿ ನೋಡಬೇಕು. ಪುರಾತನ ಕಿದೋನಿಯಾದ ಕಟ್ಟಡಗಳ ಕಂಬದ ತುಂಡುಗಳನ್ನೇ ತಂದು ಗೋಡೆಗೆ ಸೇರಿಸಿದ್ದಾರೆ. ಹಳೆಯದನ್ನು ಬೀಳಿಸಿ, ಅದೇ ಕಲ್ಲಿನಿಂದ ಹೊಸದನ್ನು ಕಟ್ಟುವ ಪದ್ಧತಿ ಇಲ್ಲಿ ಅಷ್ಟು ಹಿಂದಿನಿಂದಲೇ ಬಂದದ್ದು.

ವೆನಿಸ್ಸಿನವರು, ತುರ್ಕರು

1204ರಲ್ಲಿ ಶಿಲುಬೆಯ ಯೋಧರು ಕಾನ್‌ಸ್ಟಾಂಟಿನೋಪಲನ್ನು ಸೂರೆಗೊಂಡ ಮೇಲೆ ಕ್ರೀಟ್ ದ್ವೀಪ ವೆನಿಸ್ ಗಣರಾಜ್ಯದ ಪಾಲಿಗೆ ಬಂದಿತು. 1252ರಲ್ಲಿ ಅವರು ಇಲ್ಲಿ ಲಾ ಕಾನೆಯಾ ಎಂಬ ಹೆಸರಿನಿಂದ ಪಟ್ಟಣವನ್ನು ಕಟ್ಟಿದರು. ವ್ಯಾಪಾರಿಗಳ ರಾಜ್ಯವಾದ್ದರಿಂದ ಹಡಗೇ ಅವರ ಸರ್ವಸ್ವ. ಹುಟ್ಟು ಹಾಕಿ ನಡೆಸುವ ಉದ್ದನೆಯ ಯುದ್ಧನೌಕೆಗಳನ್ನು ಚಳಿಗಾಲದಲ್ಲಿ ನೀರಿನಿಂದ ಮೇಲಕ್ಕೆಳೆದು, ದುರಸ್ತಿ ಮಾಡಲು ಕಟ್ಟಿದ ಕಮಾನುಶಾಲೆಗಳು 1599ರ ವೇಳೆಗೆ 17 ಆಗಿದ್ದವು. ಈಗ ಒಂದೇ ಸಾಲಿನಲ್ಲಿ 7 ಉಳಿದಿವೆ. ಹದಿನಾರನೆಯ ಶತಮಾನದಲ್ಲಿ ಸಾನ್‌ಮಿಕೇಲಿ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಯೋಜನೆಯಂತೆ ಪಟ್ಟಣದ ಸುತ್ತ ಭಾರಿ ಕೋಟೆಯೂ ಎದ್ದಿತು. ಆದರೆ 1645ರ ಬೇಸಗೆಯಲ್ಲಿ ತುರ್ಕರ ಸೇನೆ ಬಂದು ಮುತ್ತಿದಾಗ ಆ ಕೋಟೆ ಎರಡು ತಿಂಗಳು ಮಾತ್ರ ತಡೆದು ನಿಂತಿತು.

ತುರ್ಕರ ಕಾಲದ ಗುರುತನ್ನು ಕಾಣಬೇಕಾದರೆ ಬಂದರಿನ ಮಸೀದಿಯನ್ನು ನೋಡಿ ಹಿಂದಿರುಗಿದರೆ ಸಾಲದು. ಪೂರ್ವಕ್ಕೆ ಓಣಿಗಳನ್ನು ಹಿಡಿದು ಸ್ಪ್ಲಾಂಜಿಯಾ ಎಂಬ ಚೌಕಕ್ಕೆ ಹೋಗಬೇಕು. ಅಲ್ಲಿ ಸಂತ ನಿಕೋಲಸನ ಇಗರ್ಜಿಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ಡೊಮಿನಿಕನ್ ಸನ್ಯಾಸಿಗಳು ಅದನ್ನು ಕಟ್ಟಿದರು. ತುರ್ಕರು ಬಂದ ಮೇಲೆ ಅದು ಸುಲ್ತಾನನ ಹೆಸರಿನ ಮಸೀದಿಯಾಯಿತು. 1918ರಲ್ಲಿ ಗ್ರೀಕರ ಆರ್ಥಡಾಕ್ಸ್ ಇಗರ್ಜಿಯಾಯಿತು. ಇಂದಿಗೂ ಅದರ ಒಂದು ಪಕ್ಕದಲ್ಲಿ ಗಂಟೆಗೋಪುರ, ಇನ್ನೊಂದು ಪಕ್ಕದಲ್ಲಿ ಎರಡು ಉಪ್ಪರಿಗೆಗಳ ಮಿನಾರು. ಒಂದೇ ಛಾವಣಿಗೆ ಎರಡು ಧರ್ಮಗಳ ಶಿಖರ! ಇದನ್ನು ಕಂಡ ಪ್ರವಾಸಿ ‘ಎಂಥ ಸಾಮರಸ್ಯ’ ಎಂದು ತಲೆದೂಗಿ ಫೋಟೋ ತೆಗೆಯುತ್ತಾನೆ. ಆದರೆ ಆ ಇಗರ್ಜಿಯ ಮುಂದೆಯೇ ನೆರಳು ಚೆಲ್ಲಿ ನಿಂತಿರುವ ಪ್ಲೇನ್ ಮರದ ಕಥೆಯನ್ನೂ ಅವನು ಕೇಳಬೇಕು. 1821ರಲ್ಲಿ ಗ್ರೀಕರು ಸ್ವಾತಂತ್ರ್ಯಕ್ಕಾಗಿ ದಂಗೆಯೆದ್ದಾಗ ಕಿಸಾಮೋಸಿನ ಬಿಷಪ್ ಮೆಲ್ಕಿಸೆದೆಕನನ್ನು ಈ ಚೌಕದಲ್ಲಿಯೇ ಮರಕ್ಕೆ ನೇಣು ಹಾಕಿದರು. ಈಗ ಅದರಡಿಯಲ್ಲಿ ಕಾಫಿಯ ಮೇಜುಗಳಿವೆ.

1830ರಿಂದ 1840ರವರೆಗೆ ಸುಲ್ತಾನನು ದ್ವೀಪವನ್ನು ಈಜಿಪ್ಟಿನ ಮಹಮ್ಮದಾಲಿಯ ಕೈಗೆ ಒಪ್ಪಿಸಿದ್ದನು. ವೆನಿಸ್ಸಿನವರ ಹಳೆಯ ದೀಪಸ್ತಂಭ ಈಗಿನಂತೆ ಮಿನಾರಿನ ಆಕಾರ ತಾಳಿದ್ದು ಆಗಲೇ. ಬುಡದಲ್ಲಿ ಎಂಟು ಮೂಲೆ, ನಡುವೆ ಹದಿನಾರು ಮೂಲೆ, ತುದಿಯಲ್ಲಿ ದುಂಡು. ಸುಮಾರು 21 ಮೀಟರ್ ಎತ್ತರ.

ಶತಮಾನದುದ್ದಕ್ಕೂ ದಂಗೆಗಳು ನಡೆದವು. 1898ರಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯ, ಇಟಲಿಗಳ ಒತ್ತಾಯದಿಂದ ಕ್ರೀಟಿಗೆ ಸ್ವಯಮಾಡಳಿತ ದೊರೆಯಿತು. ಹನ್ಯಾ ಅದರ ರಾಜಧಾನಿಯಾಯಿತು. ಪಕ್ಕದ ಮುರ್ನಿಯೆಸ್ ಹಳ್ಳಿಯಲ್ಲಿ 1864ರಲ್ಲಿ ಹುಟ್ಟಿದ ವೆನಿಜೆಲೋಸ್ ಎಂಬ ವಕೀಲನು ಮುಂದೆ ಗ್ರೀಸ್ ದೇಶದ ಪ್ರಧಾನಿಯಾದನು. 1913ರ ಡಿಸೆಂಬರ್ 1ರಂದು ಫಿರ್ಕಾಸ್ ಕೋಟೆಯ ಮೇಲೆ ಗ್ರೀಕ್ ಬಾವುಟವನ್ನು ಏರಿಸಿದಾಗ ದೊರೆ ಕಾನ್‌ಸ್ಟಾಂಟೈನನ ಪಕ್ಕದಲ್ಲಿ ಅವನೂ ನಿಂತಿದ್ದನು. ಕ್ರೀಟಿನ ಮನೆಮನೆಯಲ್ಲೂ ಆ ದಿನ ಹಬ್ಬ. ಆದರೆ ಊರಿನ ಜನರಲ್ಲಿ ಒಂದು ದೊಡ್ಡ ಪಾಲಿನವರಿಗೆ ಅದು ಬಾಗಿಲು ಮುಚ್ಚುವ ಸದ್ದಿನಂತೆ ಕೇಳಿಸಿರಬೇಕು.

ಹೋದವರು, ಬಂದವರು

ಕ್ರೀಟಿನ ಮುಸ್ಲಿಮರಲ್ಲಿ ಬಹುಪಾಲು ಮಂದಿ ಎಲ್ಲಿಂದಲೋ ಬಂದವರಲ್ಲ; ಅದೇ ನೆಲದ ಕ್ರೈಸ್ತರು ತಲೆಮಾರುಗಳ ಹಿಂದೆ ಮತ ಬದಲಿಸಿದವರ ಸಂತತಿ. ಅವರ ಮನೆಮಾತು ಗ್ರೀಕ್. ಆದರೆ 1923ರ ಜನವರಿಯಲ್ಲಿ ಲೊಸಾನಿನಲ್ಲಿ ಗ್ರೀಸ್ ಮತ್ತು ತುರ್ಕಿ ಮಾಡಿಕೊಂಡ ಒಪ್ಪಂದ ಮಾತನ್ನು ಕೇಳಲಿಲ್ಲ. ಮತವನ್ನು ಮಾತ್ರ ಕೇಳಿತು. ಗ್ರೀಸಿನ ಮುಸ್ಲಿಮರು ತುರ್ಕಿಗೆ, ತುರ್ಕಿಯ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸಿಗೆ. ಕೆಲವು ಪ್ರದೇಶಗಳನ್ನು ಬಿಟ್ಟು ಉಳಿದವರೆಲ್ಲರಿಗೂ ಇದು ಕಡ್ಡಾಯ. 1947ರಲ್ಲಿ ನಮ್ಮ ದೇಶ ಕಂಡ ಸಂಕಟವನ್ನು ನೆನೆಯುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಅದು ಸರಕಾರಗಳ ರುಜುವಿನೊಂದಿಗೆ ನಡೆಯಿತು, ಅಷ್ಟೆ.

ಹನ್ಯಾದ ಮುಸ್ಲಿಮರು ಹಡಗು ಹತ್ತಿ ಐವಾಲಿಕ್ ಮೊದಲಾದ ತುರ್ಕಿಯ ಊರುಗಳಿಗೆ ಹೋದರು. ತುರ್ಕಿ ಮಾತು ಸರಿಯಾಗಿ ಬಾರದ ಅವರನ್ನು ಅಲ್ಲಿಯವರು ‘ಅರೆ ಕಾಫಿರರು’ ಎಂದು ಕರೆದರು. ಅಲ್ಲಿಂದ ಇಲ್ಲಿಗೆ ಬಂದ ಕ್ರೈಸ್ತ ನಿರಾಶ್ರಿತರನ್ನು ಗ್ರೀಕರು ‘ತುರ್ಕರ ಬೀಜ’ ಎಂದರು. ಎರಡು ದಡಗಳಲ್ಲಿಯೂ ಒಂದೇ ಹಂಗಿಸುವ ಮಾತು.

ನಾನು ಇಳಿದುಕೊಂಡಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ವೃದ್ಧೆ. ನಾನು ಪಾಠ ಹೇಳುವವನೆಂದು ತಿಳಿದ ಮೇಲೆ ನನ್ನನ್ನು ‘ದಾಸ್ಕಾಲೆ’ ಎಂದು, ಅಂದರೆ ‘ಮೇಷ್ಟರೇ’ ಎಂದು ಕರೆಯುತ್ತಿದ್ದರು. ಬೀದಿಯ ಮೇಲಕ್ಕೆ ಚಾಚಿದ ಮರದ ಮುಚ್ಚುಜಗಲಿಯನ್ನು ತೋರಿಸಿ, “ಇದು ತುರ್ಕರ ಮನೆ, ಮೇಷ್ಟರೇ. ನಮ್ಮಜ್ಜಿ ಸ್ಮಿರ್ನಾದಿಂದ ಬಂದಾಗ ಸರಕಾರ ಕೊಟ್ಟದ್ದು. ಅಲ್ಲಿ ನಮ್ಮ ಮನೆಯಲ್ಲಿ ಯಾರಿದ್ದಾರೋ ಎಂದು ಆಕೆ ಸಾಯುವ ತನಕ ಕೇಳುತ್ತಿದ್ದಳು. ಇಲ್ಲಿ ಯಾರಿದ್ದರೆಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ” ಎಂದರು. ಆ ಮಾತನ್ನು ಹೇಳಿ, ಅವರು ನನ್ನ ಮುಂದೆ ಜೇನು ಸುರಿದ ಗಿಣ್ಣಿನ ತಟ್ಟೆಯನ್ನು ಸರಿಸಿದರು.

ಹೋದವರು ಜೊತೆಗೆ ಕೊಂಡೊಯ್ದದ್ದು ಒಂದಿದೆ. ಕ್ರೀಟಿನ ಜನ ಮದುವೆಯಲ್ಲಿ, ಕುಡಿತದ ಕೂಟದಲ್ಲಿ, ಸಾವಿನ ಮನೆಯಲ್ಲಿ ಆಶುವಾಗಿ ಕಟ್ಟಿ ಹಾಡುವ ದ್ವಿಪದಿಗೆ ‘ಮಂದಿನಾದಾ’ ಎಂದು ಹೆಸರು. ಸಾಲಿಗೆ 15 ಅಕ್ಷರ, ಕೊನೆಗೆ ಪ್ರಾಸ. ಕನ್ನಡದ ಕಿವಿಗೆ ಅದು ಮಂದಿಯ ನಾದವೆಂದೇ ಕೇಳಿಸಿದರೆ ಆಶ್ಚರ್ಯವಿಲ್ಲ. ನಮ್ಮ ಗರತಿಯರ ತ್ರಿಪದಿಯಂತೆ ಅದು ಮಂದಿಯ ಸೊತ್ತೇ ಹೌದು. ನಿಜವಾಗಿ ಅದು ವೆನಿಸ್ಸಿನವರ ಪದ, ಬೆಳಗಿನ ಹಾಡು ಎಂದು ಅದರ ಮೂಲಾರ್ಥ. ಒಡೆಯರು ಹೋದ ಮೇಲೂ ಅವರ ಪದ ಉಳಿಯಿತು. ಸಿಫಾಕಾ ಬೀದಿಯ ಚೂರಿ ಮಾಡುವವರು ಇಂದಿಗೂ ಅಲಗಿನ ಮೇಲೆ ಮಂದಿನಾದಾ ಕೆತ್ತಿಕೊಡುತ್ತಾರೆ. ಹೆಚ್ಚಿನವು ಸ್ನೇಹದ, ಒಲವಿನ ಮಾತುಗಳು. ಅತ್ತ ಕಡಲಿನಾಚೆ, ಕ್ರೀಟಿನಿಂದ ಹೋದ ಮುಸ್ಲಿಮರೂ ಈ ಗ್ರೀಕ್ ದ್ವಿಪದಿಗಳನ್ನೇ ಹಾಡುತ್ತ ಬಂದರು.

ಓಣಿಯ ಕೊನೆಯ ಬಾಗಿಲು

ಬಂದರಿನ ಪಶ್ಚಿಮ ಭಾಗದಲ್ಲಿ ಎವ್ರೈಕಿ ಎಂಬ ಕೇರಿಯಿದೆ. ‘ಯೆಹೂದಿಗಳ ಕೇರಿ’ ಎಂದು ಆ ಹೆಸರಿನ ಅರ್ಥ. ಊಟದ ಮನೆಗಳ ಗದ್ದಲದ ನಡುವೆ ಒಂದು ಸಂದಿಯಲ್ಲಿ ತಿರುಗಿದರೆ ‘ಎಟ್ಸ್ ಹಯೀಮ್’, ಎಂದರೆ ‘ಜೀವವೃಕ್ಷ’ ಎಂಬ ಸಿನಗಾಗ್ ಸಿಗುತ್ತದೆ. ಅದೂ ಒಂದು ಕಾಲದಲ್ಲಿ ವೆನಿಸ್ಸಿನವರ ಇಗರ್ಜಿಯೇ.

1941ರ ಮೇ 20ರಂದು ಜರ್ಮನರ ಸೈನಿಕರು ಪ್ಯಾರಾಶೂಟುಗಳಲ್ಲಿ ಕ್ರೀಟಿನ ಮೇಲೆ ಇಳಿದರು. ಅವರ ವಿಮಾನಗಳ ಬಾಂಬುಗಳಿಗೆ ಹಳೆಯ ಪಟ್ಟಣದ ಬಹುಭಾಗ ನೆಲಸಮವಾಯಿತು. ಮೂರು ವರ್ಷಗಳ ಬಳಿಕ, 1944ರ ಮೇ ತಿಂಗಳಿನಲ್ಲಿ, ಅವರು ಈ ಕೇರಿಯನ್ನು ಮುತ್ತಿ ಹನ್ಯಾದ ಯೆಹೂದಿಗಳೆಲ್ಲರನ್ನೂ, ಮಕ್ಕಳು ಮುದುಕರೆನ್ನದೆ, ಹಿಡಿದೊಯ್ದರು. ಅವರು 250ಕ್ಕೂ ಮಿಕ್ಕಿದ್ದರು. ಗ್ರೀಕ್ ಹೋರಾಟಗಾರರನ್ನೂ ಇಟಲಿಯ ಯುದ್ಧಕೈದಿಗಳನ್ನೂ ಅವರೊಂದಿಗೆ ಸೇರಿಸಿ ‘ತನಾಯಿಸ್’ ಎಂಬ ಹಡಗಿಗೆ ತುಂಬಿ, ಹೆರಾಕ್ಲಿಯನ್ ಬಂದರಿನಿಂದ ಸಾಗಿಸಿದರು. ಹಡಗಿನೊಳಗೆ ಯಾರಿದ್ದಾರೆಂದು ಅರಿಯದ ಒಂದು ಬ್ರಿಟಿಷ್ ಜಲಾಂತರ್ಗಾಮಿ ಜೂನ್ 9ರ ಬೆಳಗಿನ ಜಾವ ಅದನ್ನು ಹೊಡೆದು ಮುಳುಗಿಸಿತು. ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕ್ರೀಟಿನಲ್ಲಿ ಬೇರೂರಿದ್ದ ಒಂದು ಸಮುದಾಯ ಕೆಲವೇ ನಿಮಿಷಗಳಲ್ಲಿ ಕಡಲಿನ ಪಾಲಾಯಿತು.

ಪ್ರಾರ್ಥಿಸುವವರೇ ಇಲ್ಲದ ಸಿನಗಾಗ್ ಹತ್ತಾರು ವರ್ಷ ಹಾಳುಬಿದ್ದಿತ್ತು. ನಿಕೋಸ್ ಸ್ತಾವ್ರುಲಾಕಿಸ್ ಎಂಬ ವಿದ್ವಾಂಸರು ಹಟ ತೊಟ್ಟು ಅದನ್ನು ದುರಸ್ತಿ ಮಾಡಿಸಿ, 1999ರಲ್ಲಿ ಬಾಗಿಲು ತೆರೆಸಿದರು. 2010ರ ಜನವರಿಯಲ್ಲಿ ದುಷ್ಟರು ಎರಡು ಬಾರಿ ಅದಕ್ಕೆ ಬೆಂಕಿಯಿಟ್ಟರು, ಪುಸ್ತಕಗಳು ಸುಟ್ಟುಹೋದವು. ಮತ್ತೆ ಕಟ್ಟಿದರು. ಸ್ತಾವ್ರುಲಾಕಿಸ್ 2017ರಲ್ಲಿ ತೀರಿಕೊಂಡರು, ಬಾಗಿಲು ಮುಚ್ಚಲಿಲ್ಲ. ಯೆಹೂದಿಗಳಲ್ಲದವರೂ ಅಲ್ಲಿ ಬಂದು ಕುಳಿತುಕೊಳ್ಳಬಹುದು. ಅಂಗಳದ ಕಲ್ಲಿನ ಮೇಲೆ ನಾನು ಕುಳಿತ ಅರ್ಧ ಗಂಟೆಯಲ್ಲಿ ಯಾರೂ ನನ್ನ ಮತವನ್ನು ಕೇಳಲಿಲ್ಲ.

ಹನ್ಯಾದಲ್ಲಿ ಕಲ್ಲಿಗೆ ಸುಲಭವಾಗಿ ಕ್ಷಮೆ ಸಿಕ್ಕಿತು. ಇಗರ್ಜಿ ಮಸೀದಿಯಾಗಬಹುದು, ಮಸೀದಿ ಇಗರ್ಜಿಯಾಗಬಹುದು, ಕಂಬ ಗೋಡೆಯಾಗಬಹುದು. ಮನುಷ್ಯರಿಗೆ ಆ ದಯೆ ದೊರೆಯಲಿಲ್ಲ. ಅವರು ಹಡಗು ಹತ್ತಲೇಬೇಕಾಯಿತು. ಆದುದರಿಂದ ಈ ಊರಿಗೆ ಹೋಗುವ ನಮ್ಮವರು ಬಂದರಿನ ಸೂರ್ಯಾಸ್ತವನ್ನು ಕಣ್ತುಂಬ ನೋಡಲಿ, ಮೀನಿನ ಊಟವನ್ನೂ ಸವಿಯಲಿ. ಬಳಿಕ ಒಂದು ಗಂಟೆಯನ್ನು ಉಳಿಸಿಕೊಂಡು ಸ್ಪ್ಲಾಂಜಿಯಾದ ಚೌಕಕ್ಕೂ ಎವ್ರೈಕಿಯ ಆ ಸಂದಿಗೂ ಹೋಗಿಬರಲಿ. ಹೋದವರ ಹೆಸರನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ಅಷ್ಟು ಹೊತ್ತು ಸಾಕು.