ಮದುಮಗಳಿಗೆ ಏನು ಕೊಡೋಣ?

ಮದುವೆಯ ಕರೆಯೋಲೆ ಕೈಸೇರಿದಾಗ ಮನಸ್ಸಿಗೆ ಸಂತೋಷವಾಗುವುದು ಸಹಜ. ಆದರೆ ಆ ಸಂತೋಷದ ಬೆನ್ನಿಗೇ ‘ಏನು ಕೊಡೋಣ?’ ಎಂಬ ಚಿಂತೆಯೂ ಮನೆಯೊಳಗೆ ಕಾಲಿಡುವುದನ್ನು ನಾವೆಲ್ಲರೂ ಬಲ್ಲೆವು. ನಮ್ಮ ಮದುವೆಯಲ್ಲಿ ಬಂದ ಉಡುಗೊರೆಗಳಲ್ಲಿ ಗೋಡೆ ಗಡಿಯಾರಗಳೇ ಏಳಿದ್ದವು. ಮುಂಬಯಿಯ ಹತ್ತಡಿಯ ಖೋಲಿಯಲ್ಲಿ ಏಳು ಗಡಿಯಾರಗಳನ್ನು ತೂಗುಹಾಕಲು ಗೋಡೆಯೆಲ್ಲಿ? ಒಂದನ್ನು ಇಟ್ಟುಕೊಂಡು, ಉಳಿದ ಆರನ್ನು ಮುಂದೆ ಬಂದ ಆರು ಮದುವೆಗಳಲ್ಲಿ ಕೊಟ್ಟು ಕೈತೊಳೆದುಕೊಂಡೆವು. ನಮಗೆ ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು. ಆದರೆ ‘ನಿಮಗೇನು ಬೇಕು’ ಎಂದು ಕೇಳಿ ಕೊಟ್ಟವರು ಒಬ್ಬರೂ ಇರಲಿಲ್ಲ. ನಾವೂ ಕೇಳದೆಯೇ ಕೊಟ್ಟೆವು.

2024ರ ನವೆಂಬರಿನಲ್ಲಿ, ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ವಾರ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಕರೆಯೋಲೆ ಹಿಡಿದು ಬಂದಳು. ಎರಡು ವರ್ಷಗಳಿಂದ ಶನಿವಾರ ಶನಿವಾರ ಬಂದು, ಬಿಡಿಗಾಸೂ ತೆಗೆದುಕೊಳ್ಳದೆ, ಒಂಬತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡುತ್ತಿದ್ದ ಹುಡುಗಿ ಅವಳು. ಮಕ್ಕಳಿಗೆಲ್ಲ ಅವಳು ‘ಅಕ್ಕ’. ಮದುವೆ ಡಿಸೆಂಬರಿನಲ್ಲಿ, ಆಮೇಲೆ ಸಂಸಾರ ಪುಣೆಯಲ್ಲಿ. ಅದಕ್ಕೆ ಮೊದಲು ಕಚೇರಿಯ ಗೆಳತಿಯರು ಅವಳಿಗಾಗಿ ಒಂದು ‘ಬ್ರೈಡಲ್ ಶವರ್’ ಏರ್ಪಡಿಸಿದ್ದರು. ಅದಕ್ಕೂ ನಾವು ಬರಬೇಕೆಂದು ಅವಳು ಒತ್ತಾಯಿಸಿದಳು.

ಈ ಹೆಸರನ್ನು ಕೇಳಿ ಮಕ್ಕಳು ನಕ್ಕರು. ‘ಶವರ್’ ಎಂದರೆ ಅವರ ಮಟ್ಟಿಗೆ ಸ್ನಾನದ ಮನೆಯ ನಲ್ಲಿ! ಇಂಗ್ಲಿಷಿನಲ್ಲಿ ಆ ಮಾತಿಗೆ ಮಳೆ ಎಂಬ ಅರ್ಥವೂ ಉಂಟು. ಮದುಮಗಳ ಮೇಲೆ ಉಡುಗೊರೆಗಳ ಮಳೆಗರೆಯುವ ಕೂಟವೆಂದು ತಿಳಿಯಬೇಕು. ಇದರ ಹುಟ್ಟಿನ ಬಗ್ಗೆ ಡಚ್ಚರ ನಾಡಿನದೆಂದು ಹೇಳುವ ಒಂದು ಕತೆಯಿದೆ. ಬಡವರಿಗೆ ಹಿಟ್ಟನ್ನು ಹಂಚಿ ತಾನೇ ಬಡವನಾದ ಗಿರಣಿಯವನೊಬ್ಬನನ್ನು ಒಬ್ಬ ಹುಡುಗಿ ಮೆಚ್ಚಿದಳಂತೆ. ತಂದೆ ಸಮ್ಮತಿಸದೆ, ಮಗಳಿಗೆ ಕೊಡಬೇಕಾದುದನ್ನು ಕೊಡೆನೆಂದನಂತೆ. ಆಗ ಊರವರೆಲ್ಲ ಸೇರಿ, ಒಬ್ಬರು ಪಾತ್ರೆ, ಒಬ್ಬರು ಬಟ್ಟೆ, ಹೀಗೆ ತಂದುಕೊಟ್ಟು ಅವಳ ಸಂಸಾರವನ್ನು ಹೂಡಿದರಂತೆ. ಕತೆ ನಿಜವಿರಲಿ ಬಿಡಲಿ, ಅದರ ತಿರುಳು ಒಳ್ಳೆಯದು: ಇಲ್ಲದವರ ಮನೆಯನ್ನು ಹತ್ತು ಕೈಗಳು ಕೂಡಿ ಕಟ್ಟುವುದು.

ಗೆಳತಿಯರು ಒಂದು ಪಟ್ಟಿಯನ್ನೂ ಮಾಡಿದ್ದರು. ಮದುಮಗಳಿಗೆ ಬೇಕಾದ ವಸ್ತುಗಳು, ಅವುಗಳ ಬೆಲೆ, ಯಾವುದನ್ನು ಈಗಾಗಲೇ ಯಾರೋ ಕೊಂಡಾಗಿದೆ ಎಂಬ ಗುರುತು, ಎಲ್ಲವೂ ಅದರಲ್ಲಿತ್ತು. ಇಂಥ ಪಟ್ಟಿಯನ್ನು 1924ರಲ್ಲಿ ಅಮೆರಿಕದ ಶಿಕಾಗೋ ನಗರದ ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿ ಬಳಕೆಗೆ ತಂದಿತೆಂದು ಹೇಳುತ್ತಾರೆ. ನಮಗೆ ಮೊದಲು ಇದು ಹಿಡಿಸಲಿಲ್ಲ. ಉಡುಗೊರೆಯನ್ನು ಬಾಯಿಬಿಟ್ಟು ಕೇಳುವುದುಂಟೇ ಎಂದುಕೊಂಡೆವು. ಆದರೆ ಮನೆಗೆ ಬಂದು ಗೋಡೆಯ ಮೇಲಿನ ಗಡಿಯಾರವನ್ನು ನೋಡಿದಾಗ, ಆ ಪಟ್ಟಿಯಲ್ಲಿಯೂ ಅರ್ಥವಿದೆ ಎನ್ನಿಸಿತು.

ಮರುದಿನ ತರಗತಿಯಲ್ಲಿ ಮಕ್ಕಳು, ‘ಅಕ್ಕನಿಗೆ ನಾವೂ ಏನಾದರೂ ಕೊಡೋಣ ಸರ್’ ಎಂದರು. ಪಟ್ಟಿಯನ್ನು ಓದಿ ಹೇಳಿದೆವು. ಹೆಚ್ಚಿನವು ನಮ್ಮ ಕೈಗೆ ನಿಲುಕುವಂತಿರಲಿಲ್ಲ. ಕಟ್ಟಕಡೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯಿತ್ತು. ಬೆಲೆ ಒಂಬತ್ತು ನೂರು ರೂಪಾಯಿ. ಅದೇ ಸರಿಯೆಂದು ಎಲ್ಲರೂ ಒಪ್ಪಿದರು. ಇಪ್ಪತ್ತು, ಮೂವತ್ತು, ಐವತ್ತು ಎಂದು ಒಬ್ಬೊಬ್ಬರಾಗಿ ತಂದುಕೊಡಲಾರಂಭಿಸಿದರು. ಉತ್ಸಾಹ ಹೆಚ್ಚಲೆಂದು ನಾವು ಕಪ್ಪುಹಲಗೆಯ ಒಂದು ಅಂಚಿನಲ್ಲಿ ಇಪ್ಪತ್ತಮೂರು ಮಕ್ಕಳ ಹೆಸರುಗಳನ್ನೂ ಬರೆದು, ಪ್ರತಿಯೊಂದು ಹೆಸರಿನ ಮುಂದೆ ಅವರು ಕೊಟ್ಟ ಹಣವನ್ನು ನಮೂದಿಸಿದೆವು. ಇದು ಒಳ್ಳೆಯ ಉಪಾಯವೆಂದೇ ನಮ್ಮ ಭಾವನೆಯಾಗಿತ್ತು.

ನಾಲ್ಕನೆಯ ದಿನಕ್ಕೆ ಇಪ್ಪತ್ತೆರಡು ಹೆಸರುಗಳ ಮುಂದೆ ಅಂಕಿ ಬಿದ್ದಿತು. ಒಂದು ಹೆಸರಿನ ಮುಂದೆ ಮಾತ್ರ ಖಾಲಿ. ಆ ಹುಡುಗ ಎರಡು ದಿನಗಳಿಂದ ಶಾಲೆಗೂ ಬಂದಿರಲಿಲ್ಲ. ಜ್ವರವಿರಬಹುದೆಂದು ಭಾವಿಸಿ, ಸಂಜೆ ಅವನ ಚಾಳಿಗೆ ಹೋದೆವು. ಅವನು ಬಾಗಿಲ ಮರೆಯಲ್ಲಿ ನಿಂತಿದ್ದ, ಜ್ವರವೇನೂ ಇರಲಿಲ್ಲ. ನೆಲದ ಮೇಲೆ ಕೌದಿಯನ್ನು ಹರವಿಕೊಂಡು ಹೊಲಿಯುತ್ತಿದ್ದ ಅವನ ಅಜ್ಜಿ, ಸೂಜಿಯನ್ನು ಕೆಳಗಿಟ್ಟು ಹೇಳಿದರು: “ಅವರಪ್ಪಗ ಒಂದ ತಿಂಗಳಿಂದ ಕೆಲಸ ಇಲ್ರಿ ಮಾಸ್ತರ. ಹಲಗಿ ಮ್ಯಾಲ ನಂದೊಂದ ಹೆಸರು ಖಾಲಿ ಐತಿ, ಸಾಲೀಗಿ ಹೋಗಾಕ ಒಲ್ಲೆ ಅಂತಾನ.”

ಆ ಮಾತು ನಮ್ಮನ್ನು ಎಲ್ಲಿಗೋ ಕರೆದೊಯ್ದಿತು. ನಮ್ಮೂರು ಬಾಗಲಕೋಟೆಯ ಕಡೆಯದು. ಅಲ್ಲಿ ಮದುವೆಯ ಉಡುಗೊರೆಗೆ ಮುಯ್ಯಿ ಎನ್ನುವುದುಂಟು. ಒಬ್ಬರು ಕೊಟ್ಟುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಮದುವೆಯಲ್ಲಿ ಅಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ತಿರುಗಿ ಕೊಡಬೇಕು. ಬ್ಯಾಂಕು ಸಾಲ ಕಾಣದ ಹಳ್ಳಿಯಲ್ಲಿ, ಒಂದು ಮದುವೆಯ ಭಾರವನ್ನು ಊರೆಲ್ಲ ಹೊತ್ತುಕೊಳ್ಳುವ ಜಾಣ ಏರ್ಪಾಡು ಅದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸೇಡು ತೀರಿಸಿಕೊಳ್ಳುವುದಕ್ಕೂ ಕನ್ನಡದಲ್ಲಿ ಮುಯ್ಯಿ ತೀರಿಸಿಕೊಳ್ಳುವುದೆಂದೇ ಹೇಳುತ್ತೇವೆ. ಕೊಡುಗೆಯ ಲೆಕ್ಕಕ್ಕೂ ಹಗೆಯ ಲೆಕ್ಕಕ್ಕೂ ಒಂದೇ ಮಾತು ಸಾಕಾಗಿದೆ.

ನಾವು ಹತ್ತು ವರ್ಷದವರಿದ್ದಾಗ, ಒಂದು ಮದುವೆಯಲ್ಲಿ ಮುಯ್ಯಿಯನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರು. ಯಾರೋ ದೊಡ್ಡವರ ಐನೂರ ಒಂದು ರೂಪಾಯಿಯ ಬೆನ್ನಿಗೇ ನಮ್ಮ ತಂದೆಯವರ ಹೆಸರು ಬಂದಿತು: ಐದು ರೂಪಾಯಿ, ಒಂದು ಖಣ. ಯಾರೂ ನಗಲಿಲ್ಲ. ಆದರೆ ತಂದೆಯವರು ಊಟಕ್ಕೆ ನಿಲ್ಲದೆ ನಮ್ಮ ಕೈಹಿಡಿದು ಹೊರಟುಬಿಟ್ಟರು. ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ಆ ಮೌನವನ್ನು ಮರೆಯದ ನಾವೇ, ನಮ್ಮ ತರಗತಿಯಲ್ಲಿ ಸೀಮೆಸುಣ್ಣದಿಂದ ಅದೇ ಧ್ವನಿವರ್ಧಕವನ್ನು ಕಟ್ಟಿದ್ದೆವು!

ಮರುದಿನ ಮಕ್ಕಳು ಬರುವ ಮೊದಲೇ ಹಲಗೆಯನ್ನು ಒರೆಸಿದೆವು. ಪ್ರಾರ್ಥನೆ ಮುಗಿದ ಮೇಲೆ ತರಗತಿಯಲ್ಲಿ, ‘ಹೆಸರು ಬರೆದುದು ನಮ್ಮ ತಪ್ಪು, ಇನ್ನು ಮುಂದೆ ಕೊಡುವವರು ಮೇಜಿನ ಮೇಲಿನ ಮುಚ್ಚಿದ ಡಬ್ಬಿಯಲ್ಲಿ ಹಾಕಲಿ, ಹಾಕದಿದ್ದರೂ ಉಡುಗೊರೆ ಇಪ್ಪತ್ತಮೂರು ಮಂದಿಯದೇ’ ಎಂದು ಹೇಳಿದೆವು. ಕಾರಣವನ್ನು ಹೇಳಲಿಲ್ಲ. ಆ ಹುಡುಗನು ಅಂದು ಬಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಡಬ್ಬಿಯನ್ನು ತೆರೆದಾಗ, ಹಿಂದಿನದೂ ಸೇರಿ ಎಂಟುನೂರ ಅರವತ್ತು ರೂಪಾಯಿಯಾಗಿತ್ತು. ಕಡಮೆಯಾದ ನಲವತ್ತನ್ನು ನಾವು ಹಾಕಿ, ಪಟ್ಟಿಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನೇ ತಂದೆವು.

ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಂದು ಸಂಜೆ ಆ ಹುಡುಗ ಮೆಲ್ಲಗೆ ಬಂದು, “ಸರ್, ಪುಣೆಯಾಗ ಥಂಡಿ ಭಾಳ ಇರ್ತೈತೇನ್ರಿ? ನಮ್ಮ ಆಯಿ ಅಕ್ಕಗ ಒಂದ ಕೌದಿ ಹೊಲ್ದ ಕೊಡ್ತೀನಿ ಅಂತಾಳ್ರಿ, ಹಳೇ ಅರಬಿ ಬೇಕಂತ” ಎಂದ. ಇಪ್ಪತ್ತು ರೂಪಾಯಿ ಕೊಡಲಾರದ ಮನೆಯಿಂದ ಒಂದು ತಿಂಗಳ ದುಡಿಮೆಯನ್ನು ತೆಗೆದುಕೊಳ್ಳುವುದು ಹೇಗೆಂದು ನಾವು ಹಿಂಜರಿದೆವು. ಆ ತಾಯಿ ಕೂಲಿಗಾಗಿ ಕೌದಿ ಹೊಲಿಯುವವರು. ಕೂಲಿ ಕೊಡುತ್ತೇವೆಂದು ಹೇಳಿಕಳುಹಿಸಿದರೆ, ‘ಮದುವಿ ಹುಡುಗಿಗೆ ಕೊಡಾಕ ಕೂಲಿ ತಗೊಳ್ಳೋದ?’ ಎಂಬ ಉತ್ತರ ಬಂದಿತು. ಕೊನೆಗೆ ಒಂದು ಒಪ್ಪಂದವಾಯಿತು: ದಾರ ನಮ್ಮದು, ಬಟ್ಟೆ ಮಕ್ಕಳದು, ಹೊಲಿಗೆಯಲ್ಲಿಯೂ ಪ್ರತಿಯೊಬ್ಬರ ಪಾಲು.

ಹೀಗೆ ಇಪ್ಪತ್ತಮೂರು ಮನೆಗಳಿಂದ ಹಳೆಯ ಸೀರೆ, ಧೋತರ, ಹರಿದ ಅಂಗಿ, ಶಾಲೆಯ ನೀಲಿ ಸಮವಸ್ತ್ರದ ತುಂಡುಗಳು ಬಂದವು. ಶನಿವಾರದ ಗಣಿತದ ಹೊತ್ತಿನಲ್ಲಿ ಅಜ್ಜಿ ಶಾಲೆಗೆ ಬಂದು, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ನಡುವಿನತ್ತ ಸಾಲು ಸಾಲಾಗಿ ಹೊಲಿಯುವುದನ್ನು ತೋರಿಸಿದರು. ಹುಡುಗರೂ ಹುಡುಗಿಯರೂ ಒಂದೊಂದು ಸಾಲು ಹೊಲಿದರು. ಕೆಲವರ ಸಾಲು ಹಾವು ಹರಿದಂತೆ ಡೊಂಕಾಯಿತು. ಅಜ್ಜಿ ಅದನ್ನು ಬಿಚ್ಚಗೊಡಲಿಲ್ಲ. ಕೊನೆಯ ಬೆಂಚಿನ ಹುಡುಗನು ಎಲ್ಲರಿಗೂ ಸೂಜಿಗೆ ದಾರ ಪೋಣಿಸಿಕೊಡುತ್ತ ನಡುವೆ ಕುಳಿತಿದ್ದ.

ಶವರಿನ ದಿನಕ್ಕೆ ಕೌದಿ ಮುಗಿಯಲಿಲ್ಲ. ಮದುವೆಯ ದಿನಕ್ಕೂ ಮುಗಿಯಲಿಲ್ಲ. ಕೂಟದಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೇ ಕೊಟ್ಟೆವು; ಅವಳಿಗೆ ನಿಜವಾಗಿಯೂ ಅದು ಬೇಕಾಗಿತ್ತು, ಸಂತೋಷಪಟ್ಟಳು. ಕೌದಿ 2025ರ ಜನವರಿಯಲ್ಲಿ ಪುಣೆಗೆ ತಲುಪಿತು. ಅದನ್ನು ಹರವಿ ನೋಡಿದ ಹುಡುಗಿ ಫೋನು ಮಾಡಿ, “ಯಾವ ತುಂಡು ಯಾರದು, ಯಾವ ಸಾಲು ಯಾರದು, ಹೇಳಿ ಸರ್” ಎಂದು ಕೇಳಿದಳು. ನಮಗೆ ಹೇಳಲಾಗಲಿಲ್ಲ. ಈ ಸಲ ಬರೆದಿಟ್ಟುಕೊಂಡಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನೀವೂ ಇಂಥ ಕೂಟಗಳಿಗೆ ಹೋಗುವವರು, ಇಂಥ ಪಟ್ಟಿಗಳನ್ನು ಮಾಡುವವರು. ಪಟ್ಟಿಯಿದ್ದರೆ ನಾಚಿಕೆಯಿಲ್ಲದೆ ನೋಡಿರಿ. ಇಲ್ಲದಿದ್ದರೆ ಕೇಳಿ ತಿಳಿಯಿರಿ. ನಿಮ್ಮ ಶಕ್ತಿಗೆ ಎಟುಕಿದುದನ್ನು ಕೊಡಿರಿ. ಪಟ್ಟಿ ಮಾಡುವ ಕಾಲ ಬಂದರೆ, ಅದರ ಕಟ್ಟಕಡೆಯಲ್ಲಾದರೂ ಬಡ ಗೆಳೆಯನ ಕೈಗೆ ನಿಲುಕುವ ಒಂದು ವಸ್ತುವಿರಲಿ. ಆದರೆ ಯಾರು ಎಷ್ಟು ಕೊಟ್ಟರೆಂದು ಹಲಗೆಯ ಮೇಲೆ ಮಾತ್ರ ಬರೆಯಬೇಡಿರಿ. ನಿಮ್ಮ ಗುರುಗಳು ಒಮ್ಮೆ ಬರೆದು, ಒರೆಸಿ ಕಲಿತ ಪಾಠವಿದು.