ತುಪ್ಪಕ್ಕೆ ಮುನಿಸಿಕೊಂಡ ಹುಡುಗನ ಊರಲ್ಲಿ…

ಗದಗ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗಿನ ಆರೂವರೆ. ಬೆಂಗಳೂರಿನಿಂದ ರಾತ್ರಿಯಿಡೀ ಕೂತು ಬಂದ ಸೊಂಟ ಅಯ್ಯಪ್ಪಾ ಅನ್ನುತ್ತಿತ್ತು. ಎದುರಿಗೆ ಕಂಡ ಹೋಟೆಲಿಗೆ ನುಗ್ಗಿ ಒಂದು ಪ್ಲೇಟು ಉಪ್ಪಿಟ್ಟು, ಒಂದು ಚಾ ಹೇಳಿದೆ. ಹೆಗಲ ಮೇಲಿನ ಕ್ಯಾಮೆರಾ ನೋಡಿ ಗಲ್ಲಾದಲ್ಲಿದ್ದ ಯಜಮಾನರಿಗೆ ಕುತೂಹಲ.

"ಸಿನಿಮಾ ಪತ್ರಿಕಿಯವರೇನ್ರಿ? ಇಲ್ಲಿ ಯಾರ ಶೂಟಿಂಗ್ ಐತಿ?"

"ಶೂಟಿಂಗ್ ಇಲ್ಲ ಯಜಮಾನ್ರೇ. ಈ ಊರಿಂದ ಓಡಿಹೋದ ಒಬ್ಬ ಹುಡುಗನ್ನ ಹುಡುಕ್ಕೊಂಡು ಬಂದಿದ್ದೀನಿ."

ಅವರ ಮುಖ ಗಂಭೀರವಾಯಿತು. "ಪಾಪ! ಯಾವಾಗ ಹೋದ?"

"1933ರಲ್ಲಿ!"

ಒಂದು ಕ್ಷಣ ಸುಮ್ಮನಿದ್ದು ಯಜಮಾನರು ಗೊಳ್ಳೆಂದು ನಕ್ಕರು. "ಭೀಮಸೇನ ಜೋಶಿಯವರ ಸುದ್ದಿ ಏನ್ರಿ! ಹಂಗಾದ್ರ ನಿಮ್ಮ ಚಾದ ರೊಕ್ಕ ಬ್ಯಾಡ ಬಿಡ್ರಿ."

ಹೌದು ಮಿತ್ರರೇ, ಅದೇ ಭೀಮಸೇನ ಜೋಶಿ! ನಮ್ಮ ಅಣ್ಣಾವ್ರು ಸಂಗೀತಗಾರನಾಗಿ ನಟಿಸಿದ 1966ರ 'ಸಂಧ್ಯಾರಾಗ' ಚಿತ್ರಕ್ಕೆ ಹಾಡಿದ ಧಣಿ. ಅನಕೃ ಕಾದಂಬರಿ, ಜಿ.ಕೆ. ವೆಂಕಟೇಶ್ ಸಂಗೀತ, ಒಂದೇ ಚಿತ್ರದಲ್ಲಿ ಭೀಮಸೇನರೂ ಉಂಟು, ಬಾಲಮುರಳಿಕೃಷ್ಣರೂ ಉಂಟು. ಇಂಥ ಜೋಡಿ ಮತ್ತೆ ಎಲ್ಲಿ ಸಿಗಬೇಕು ಸ್ವಾಮಿ?

1922ರಲ್ಲಿ ಹುಟ್ಟಿದ ಈ ಹುಡುಗನಿಗೆ ಚಿಕ್ಕಂದಿನಿಂದಲೂ ಒಂದೇ ಹುಚ್ಚು. ಬೀದಿಯಲ್ಲಿ ಬ್ಯಾಂಡು ಬಾರಿಸುತ್ತ ಮೆರವಣಿಗೆ ಹೊರಟರೆ ಸಾಕು, ಹಿಂದೆಯೇ ಹೊರಟುಬಿಡುತ್ತಿದ್ದ. ಸುಸ್ತಾದಲ್ಲೇ ಮಲಗುತ್ತಿದ್ದ. ಹುಡುಕಿ ಹುಡುಕಿ ಸಾಕಾದ ಅಪ್ಪ ಗುರುರಾಜ ಜೋಶಿ ಮೇಷ್ಟ್ರು ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರಂತೆ! ಮುಂದೆ ಒಂದು ದಿನ ಅಬ್ದುಲ್ ಕರೀಂ ಖಾನರ ರೆಕಾರ್ಡು ಕಿವಿಗೆ ಬಿತ್ತು. ಹಾಡಿದರೆ ಹೀಗೆ ಹಾಡಬೇಕು ಎಂದು ಹುಡುಗ ನಿರ್ಧರಿಸಿಬಿಟ್ಟ. ನೆಪಕ್ಕೆ ಕಾದಿದ್ದವನಿಗೆ ಊಟದ ಎಲೆಯ ಮುಂದೆ ನೆಪವೂ ಸಿಕ್ಕಿತು. ಇನ್ನೊಂದಿಷ್ಟು ತುಪ್ಪ ಕೇಳಿದ. ಹದಿನಾರು ಮಕ್ಕಳಾದ ಆ ಮನೆಯಲ್ಲಿ ತಾಯಿ ಎಲ್ಲಿಂದ ತಂದಾಳು? ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷದ ಪೋರ ಟಿಕೆಟ್ಟಿಲ್ಲದೆ ರೈಲು ಹತ್ತಿಯೇಬಿಟ್ಟ!

ಹೋಟೆಲಿನಿಂದ ಎದ್ದು ಮೊದಲು ಹೋದದ್ದು ತ್ರಿಕೂಟೇಶ್ವರ ದೇವಸ್ಥಾನಕ್ಕೆ. ಕಲ್ಯಾಣ ಚಾಲುಕ್ಯರ ಕಾಲದ್ದು. ಒಂದೇ ಪೀಠದ ಮೇಲೆ ಮೂರು ಲಿಂಗ; ಬ್ರಹ್ಮ, ವಿಷ್ಣು, ಮಹೇಶ್ವರ ಎನ್ನುತ್ತಾರೆ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ. ಅಬ್ಬಾ, ಆ ಕಂಬಗಳೋ! ನಮ್ಮ ಕಡೆ ಬಡಗಿಗಳು ಮರ ಕಡೆಯುತ್ತಾರಲ್ಲ, ಹಾಗೆ ಕಲ್ಲನ್ನು ಕಡೆದಿದ್ದಾರೆ. ಸುತ್ತು, ಮತ್ತೆ ಸುತ್ತು, ಕೂದಲೆಳೆಯ ಅಂತರದಲ್ಲಿ ಇನ್ನೊಂದು ಸುತ್ತು. ಎಲ್ಲೂ ಕೈ ತಪ್ಪಿಲ್ಲ. ಒಳಗಿನ ಸರಸ್ವತಿಯ ಮೂರ್ತಿ ಮಾತ್ರ ಭಗ್ನವಾಗಿದೆ. ಆದರೂ ಎದುರಿಗೆ ನಿಂತರೆ ಮಾತು ಬರುವುದಿಲ್ಲ.

ಅಲ್ಲಿಂದ ವೀರನಾರಾಯಣನ ಗುಡಿ. ಕುಮಾರವ್ಯಾಸ ಕೂತು ಭಾರತ ಬರೆದ ಎನ್ನುವ ಕಂಬ ಇಲ್ಲಿದೆ. ಮಿಂದು ಒದ್ದೆ ಬಟ್ಟೆಯಲ್ಲೇ ಕೂತು, ಅದು ಆರುವ ತನಕ ಬರೆಯುತ್ತಿದ್ದ ಎಂಬುದು ಊರವರ ನಂಬಿಕೆ. ಆ ಕಂಬಕ್ಕೆ ಬೆನ್ನು ಕೊಟ್ಟು ಐದು ನಿಮಿಷ ಕೂತೆ. ನನಗೋ ಈ ಲೇಖನದ ಮೊದಲ ಸಾಲೂ ಹೊಳೆಯಲಿಲ್ಲ!

ಊರಾಚೆ ಕಣ್ಣು ಹಾಯಿಸಿದರೆ ಕಪ್ಪತಗುಡ್ಡ. ಗಾಳಿಯಂತ್ರಗಳ ರೆಕ್ಕೆ ತಿರುಗುತ್ತಲೇ ಇರುತ್ತವೆ. 2019ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಇನ್ನೊಂದು ದಿಕ್ಕಿಗೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಲಕ್ಕುಂಡಿ: ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಕಾಶಿ ವಿಶ್ವನಾಥನ ಗುಡಿ, ಮೆಟ್ಟಿಲಿಳಿದು ಹೋಗುವ ಮುಸುಕಿನ ಬಾವಿ. ಒಂದು ದಿನ ಸಾಲದು, ಹೇಳಿದ್ದೇನೆ.

ಸಂಜೆ ವೀರೇಶ್ವರ ಪುಣ್ಯಾಶ್ರಮದ ಬಾಗಿಲಲ್ಲಿ ನಿಂತಿದ್ದೆ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ಜಾಗ. ಗುರುವಿಗೂ ಕಣ್ಣಿರಲಿಲ್ಲ, ಶಿಷ್ಯನಿಗೂ ಇರಲಿಲ್ಲ. 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಕಥೆ ತೆರೆಗೆ ಬಂದು, ಹಂಸಲೇಖಾರಿಗೆ ರಾಷ್ಟ್ರಪ್ರಶಸ್ತಿ ತಂದಿತೆಂದು ನಿಮಗೆ ಗೊತ್ತೇ ಇದೆ. ಒಳಗಿನಿಂದ ಹಾರ್ಮೋನಿಯಂ ದನಿ ಬರುತ್ತಿತ್ತು. ಯಾರೋ ಹುಡುಗ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ. ಬೆಳಗಿನ ಕಂಬ ನೆನಪಾಯಿತು. ಸುತ್ತು, ಮತ್ತೆ ಸುತ್ತು.

ಅಂದಹಾಗೆ ನಮ್ಮ ಓಡಿಹೋದ ಹುಡುಗ ಏನಾದ? ಪುಣೆ ಅಲೆದ, ಗ್ವಾಲಿಯರ್‌ಗೆ ಹೋದ, ಜಲಂಧರದ ತನಕ ಹೋದ. ರೈಲಿನಲ್ಲಿ ಹಾಡಿ ಜನ ಕೊಟ್ಟದ್ದು ತಿಂದ. ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಸಿಕ್ಕಿ, ಇಷ್ಟು ದೂರ ಯಾಕೆ ಬಂದೆ, ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದರು. ನೋಡಿ ತಮಾಷೆ! ದೇಶವೆಲ್ಲ ಸುತ್ತಿ ಹುಡುಕಿದ ಗುರು, ಗದಗದಿಂದ ಎಂಬತ್ತು ಕಿಲೋಮೀಟರಿನೊಳಗೆ, ಕುಂದಗೋಳದಲ್ಲಿ!

ಮರುದಿನ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಕುಂದಗೋಳದ ಬಸ್ಸು ಹಿಡಿದೆ. ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನ ನೋಡಿಕೊಂಡು ನಾಡಿಗೇರ ವಾಡೆಯತ್ತ ನಡೆದೆ. ಅಬ್ದುಲ್ ಕರೀಂ ಖಾನರು ಬಂದು ಹಾಡಿದ, ಸವಾಯಿ ಗಂಧರ್ವರು ಕಲಿತ ಜಾಗ. ಭೀಮಸೇನ ಈ ಊರಿಗೆ ಶಿಷ್ಯನಾಗಿ ಬಂದದ್ದು 1936ರಲ್ಲಿ. ಬಂದ ಕೂಡಲೇ ಪಾಠ ಸಿಕ್ಕಿತೆಂದುಕೊಂಡಿರಾ? ಎಲ್ಲಿಂದ! ನೀರು ಹೊರು, ಮನೆ ಕೆಲಸ ಮಾಡು. ತಿಂಗಳುಗಟ್ಟಲೆ ಇದೇ. ಆಮೇಲೆ ವರ್ಷಗಟ್ಟಲೆ ಕಲಿಸಿದ್ದು ತೋಡಿ, ಮುಲ್ತಾನಿ, ಪೂರಿಯಾ. ಮೂರೇ ರಾಗ! ತುಪ್ಪ ಸಾಲದೆಂದು ಮನೆ ಬಿಟ್ಟವನು ಇಲ್ಲಿ ಬಾವಿಯಿಂದ ಕೊಡ ಹೊತ್ತ. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ಸಂಜೆ ಸ್ಟೇಷನ್ನಿನ ತನಕ ಬಿಟ್ಟುಬರುವ ಕೆಲಸವೂ ಇವನದೇ. ಆ ಹಾದಿಯಲ್ಲಿ ನಾನೂ ನಡೆದೆ. ಒಂದು ಕಾಲದಲ್ಲಿ ಈ ಧೂಳಲ್ಲಿ ಇಬ್ಬರು ದೊಡ್ಡವರು ಯಾರಿಗೂ ಗೊತ್ತಿಲ್ಲದ ಹಾಗೆ ನಡೆದುಹೋಗಿದ್ದಾರೆ!

ಮುಂದಿನದು ಎಲ್ಲರಿಗೂ ಗೊತ್ತು. 1942ರಲ್ಲಿ ಮೊದಲ ರೆಕಾರ್ಡು. 1956ರ 'ಬಸಂತ್ ಬಹಾರ್' ಚಿತ್ರದಲ್ಲಿ ನಾಯಕನ ದನಿಯಾಗಿದ್ದ ಮನ್ನಾ ಡೇ ಇವರ ಎದುರು ಹಾಡಿ ಗೆಲ್ಲಬೇಕಿತ್ತು. ಸುದ್ದಿ ಕೇಳಿದ ಮನ್ನಾ ಡೇ ಊರು ಬಿಟ್ಟು ಓಡಲು ನೋಡಿದ್ದರಂತೆ! 2008ರಲ್ಲಿ ಭಾರತರತ್ನ. 2011ರ ಜನವರಿಯಲ್ಲಿ ಪುಣೆಯಲ್ಲಿ ಕೊನೆಯುಸಿರು.

ಪಂಡಿತರೆಂದರೆ ಸದಾ ತಂಬೂರಿ ಹಿಡಿದು ಕಣ್ಣು ಮುಚ್ಚಿ ಕೂತವರು ಅಂದುಕೊಳ್ಳಬೇಡಿ ಮತ್ತೆ. ಹುಡುಗನಾಗಿದ್ದಾಗ ಫುಟ್‌ಬಾಲ್ ಆಡುತ್ತಿದ್ದರು. ಈಜು ಬಲ್ಲವರು, ಯೋಗ ಮಾಡುವವರು. ಎಲ್ಲಕ್ಕಿಂತ ಮಿಗಿಲಾದ ಹುಚ್ಚು ಕಾರು! ಎಷ್ಟು ದೂರದ ಕಛೇರಿಯಾದರೂ ಸ್ಟೇರಿಂಗು ಇವರ ಕೈಯಲ್ಲೇ. ಬಾನೆಟ್ಟು ಎತ್ತಿ ಇಂಜಿನ್ನಿನ ರೋಗ ಹೇಳುವಷ್ಟು ಮೆಕ್ಯಾನಿಕ್ ವಿದ್ಯೆಯೂ ಗೊತ್ತಿತ್ತು. ಮೆರವಣಿಗೆಯ ಹಿಂದೆ ಹೋಗುತ್ತಿದ್ದ ಹುಡುಗ ಕಡೆಯವರೆಗೂ ರಸ್ತೆ ಬಿಡಲಿಲ್ಲ ನೋಡಿ.

ಕುಂದಗೋಳದ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಟ್ ಪುಸ್ತಕಕ್ಕೆ ಇಳಿಸುತ್ತಿದ್ದೆ. ಯಾಕೋ ಪೆನ್ನು ನಿಂತಿತು. ನಾನೂ ಹಾಗೆ ಹೊರಟವನೇ. ಪಿಯುಸಿ ಅರ್ಧಕ್ಕೆ ಬಿಟ್ಟು, ಅಪ್ಪನ ಹತ್ತಿರ ಮಾತಾಡದೆ, ಸಿನಿಮಾ ಸಿನಿಮಾ ಅಂತ ಗಾಂಧಿನಗರಕ್ಕೆ ಬಂದು ಹತ್ತು ವರ್ಷ. ಭೀಮಸೇನರೂ ಓಡಿಹೋಗಿದ್ದರಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವರು ತಿರುಗಿ ಬಂದು ಇಲ್ಲಿ ನೀರು ಹೊತ್ತರು ಎಂಬುದನ್ನು ಮಾತ್ರ ಜಾಣತನದಿಂದ ಮರೆತಿದ್ದೆ! ಓಡಿಹೋಗುವುದಕ್ಕೆ ಒಂದು ರಾತ್ರಿ ಸಾಕು. ಕಲಿಯುವುದಕ್ಕೆ?

ಬೆಂಗಳೂರಿಗೆ ಟಿಕೆಟ್ ತೆಗೆಸಿದ್ದೆ. ತುಮಕೂರು ಬಂದಾಗ ಇಳಿದುಬಿಟ್ಟೆ. ಅಲ್ಲಿಂದ ನಮ್ಮೂರಿಗೆ ಒಂದು ಗಂಟೆ ದಾರಿ. ಜಗಲಿಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಿ, "ಊಟ ಆಯ್ತೇನೋ?" ಅಂದರು. ಅಷ್ಟೇ.

ಅಮ್ಮ ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಬಿಟ್ಟಳು. ಇನ್ನೊಂದು ಚಮಚ ನಾನು ಕೇಳಲಿಲ್ಲ.